ಹಳಿ ಕಿತ್ತ ದಾರಿಗೆ ಹೆದ್ದಾರಿಯಂಚಿನ ಬಾಗಿಲು

ರೈಲು ಓಡಾಟ ನಿಂತುಹೋದ ಮಾರ್ಗಗಳನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವ ಕೆಲಸ ಅಮೆರಿಕದಲ್ಲಿ ಶುರುವಾಗಿ ಅರ್ಧ ಶತಮಾನ ಕಳೆದಿದೆ. ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ಮಾರ್ಗ 1960ರ ದಶಕದಲ್ಲೇ ಹೀಗೆ ರೂಪಾಂತರಗೊಂಡಿತು. 1983ರಲ್ಲಿ ಅಲ್ಲಿನ ಸಂಸತ್ತು ಕಾನೂನಿಗೆ ತಿದ್ದುಪಡಿ ತಂದು, ಕೈಬಿಟ್ಟ ರೈಲುಮಾರ್ಗದ ಜಾಗ ಚೂರುಚೂರಾಗಿ ಹಂಚಿಹೋಗದಂತೆ ಮುಂದಿನ ಬಳಕೆಗೆ ಕಾಯ್ದಿಡಲು ಅವಕಾಶ ಮಾಡಿಕೊಟ್ಟಿತು. ಇಂದು ಅಂಥ ದಾರಿಗಳ ಒಟ್ಟು ಉದ್ದ 25 ಸಾವಿರ ಮೈಲಿಗೂ ಹೆಚ್ಚು. ಇವುಗಳ ಬಗ್ಗೆ ನಡೆದಿರುವ ಚರ್ಚೆಯೆಲ್ಲ ಬಹುಪಾಲು ಎರಡು ವಿಷಯಗಳ ಸುತ್ತ ಸುತ್ತುತ್ತದೆ: ಜಾಗದ ಹಕ್ಕು ಯಾರದು, ಖರ್ಚು ಯಾರದು. ದಾರಿ ಎಲ್ಲಿ ಆರಂಭವಾಗುತ್ತದೋ ಅಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಏನನ್ನು ಕಟ್ಟಬೇಕು ಎಂಬುದು ಕೊನೆಗೆ ಉಳಿದ ಹಣದಲ್ಲಿ ಮುಗಿಸುವ ಕೆಲಸವಾಗಿಬಿಡುತ್ತದೆ. ವಾಹನ ನಿಲ್ಲಿಸಲು ಒಂದಿಷ್ಟು ಜಾಗ, ಒಂದು ಶೌಚಾಲಯ, ಒಂದು ನಕ್ಷೆ, ಅಲ್ಲಿಗೆ ಮುಗಿಯಿತು. ಐತಿಹಾಸಿಕ ಮಾರ್ಗಗಳ ಮಟ್ಟಿಗಾದರೂ ಈ ಆದ್ಯತೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಅಂಥ ಮಾರ್ಗದಲ್ಲಿ ರಸ್ತೆಬದಿಯ ಮಾಹಿತಿತಾಣವೇ ಮುಖ್ಯ ಅಂಗ. ಯಾಕೆಂದರೆ ಹಳಿ ಕಿತ್ತು ಕಾಡು ಬೆಳೆದ ದಾರಿ ತನ್ನ ಚರಿತ್ರೆಯನ್ನು ತಾನೇ ಹೇಳುವುದಿಲ್ಲ. ಹಲವು ಸಲ ಅದನ್ನು ಮರೆಮಾಚುತ್ತದೆ ಕೂಡ.

ಇದನ್ನು ಪರೀಕ್ಷಿಸಲು ವಾಷಿಂಗ್ಟನ್ ರಾಜ್ಯದ ಐರನ್ ಗೋಟ್ ಹಾದಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಿಯಾಟಲ್ ಕಡೆಯಿಂದ ಪೂರ್ವಕ್ಕೆ ಕ್ಯಾಸ್ಕೇಡ್ ಪರ್ವತಸಾಲನ್ನು ದಾಟುವ ಯು.ಎಸ್. 2 ಹೆದ್ದಾರಿಯಲ್ಲಿ, 58ನೇ ಮೈಲಿಗಲ್ಲಿನ ಹತ್ತಿರ, ಸೀನಿಕ್ ಎಂಬ ಹಳೆಯ ರೈಲು ನಿಲ್ದಾಣದ ಸಮೀಪ ಇದರ ಮಾಹಿತಿತಾಣವಿದೆ. ದಾರಿ ಸಾಗುವುದು ಗ್ರೇಟ್ ನಾರ್ದರ್ನ್ ರೈಲ್ವೆಯ ಹಳೆಯ ಮಾರ್ಗದ ಮೇಲೆ. ಜೇಮ್ಸ್ ಜೆ. ಹಿಲ್ ಕಟ್ಟಿದ ಆ ಕಂಪನಿಗೆ ಈ ಕಣಿವೆಮಾರ್ಗವನ್ನು ಹುಡುಕಿಕೊಟ್ಟವನು ಜಾನ್ ಎಫ್. ಸ್ಟೀವನ್ಸ್. ಮುಂದೆ ಪನಾಮಾ ಕಾಲುವೆಯ ಮುಖ್ಯ ಎಂಜಿನಿಯರ್ ಆದವನೂ ಅವನೇ. ಘಟ್ಟಕ್ಕೂ ಅವನದೇ ಹೆಸರು, ಸ್ಟೀವನ್ಸ್ ಪಾಸ್. 1893ರ ಜನವರಿಯಲ್ಲಿ ಮಾರ್ಗ ಪೂರ್ಣಗೊಂಡಾಗ ರೈಲು ಘಟ್ಟದ ನೆತ್ತಿಯನ್ನು ದಾಟುತ್ತಿದ್ದದ್ದು ಹಿಂದೆ ಮುಂದೆ ಎಳೆದಾಡಿಕೊಂಡು ಏರುವ ಅಂಕುಡೊಂಕು ಹಳಿಗಳ ಮೇಲೆ. 1900ರಲ್ಲಿ 2.63 ಮೈಲಿ ಉದ್ದದ ಮೊದಲ ಕ್ಯಾಸ್ಕೇಡ್ ಸುರಂಗ ತೆರೆದು ಆ ಪಡಿಪಾಟಲು ತಪ್ಪಿತು. ಆದರೆ ಸುರಂಗದೊಳಗೆ ಉಗಿಬಂಡಿಯ ಹೊಗೆ ಉಸಿರುಗಟ್ಟಿಸುವಷ್ಟು ತುಂಬುತ್ತಿದ್ದರಿಂದ 1909ರಲ್ಲಿ ಅದಕ್ಕೆ ವಿದ್ಯುತ್ ಎಂಜಿನ್‌ಗಳನ್ನು ತರಬೇಕಾಯಿತು. ಸುರಂಗದಿಂದ ಪಶ್ಚಿಮಕ್ಕೆ ಹೊರಬಿದ್ದ ಕೂಡಲೇ ವೆಲ್ಲಿಂಗ್ಟನ್ ಎಂಬ ಪುಟ್ಟ ರೈಲ್ವೆ ಊರು. ಅಲ್ಲಿಂದ ಹಳಿ ಬೆಟ್ಟದ ಮೈಗೆ ಅಂಟಿಕೊಂಡು ವಿಂಡಿ ಪಾಯಿಂಟ್ ಸುತ್ತಿ, ಮಾರ್ಟಿನ್ ಕ್ರೀಕ್ ಹತ್ತಿರ ಕುದುರೆಲಾಳದಂತೆ ಬಾಗಿದ ಸುರಂಗದಲ್ಲಿ ತಿರುಗಿ, ಅದೇ ಬೆಟ್ಟದ ಕೆಳಮೈಯಲ್ಲಿ ಸೀನಿಕ್ ಕಡೆಗೆ ಹಿಂದಿರುಗುತ್ತಿತ್ತು. 1929ರ ಜನವರಿಯಲ್ಲಿ ಸುಮಾರು 12.5 ಕಿಲೋಮೀಟರ್ ಉದ್ದದ ಹೊಸ ಸುರಂಗ ತೆರೆಯಿತು, ಮೇಲಿನ ಮಾರ್ಗಕ್ಕೆ ಕೆಲಸ ಉಳಿಯಲಿಲ್ಲ. ಹೊಸ ಸುರಂಗದಲ್ಲಿ ಇಂದಿಗೂ ಸರಕು ರೈಲುಗಳು ಓಡುತ್ತವೆ, ಶಿಕಾಗೋ ಕಡೆಗೆ ಹೋಗುವ ಎಂಪೈರ್ ಬಿಲ್ಡರ್ ಪ್ರಯಾಣಿಕ ರೈಲೂ ಓಡುತ್ತದೆ.

ಇಷ್ಟು ಮಾತ್ರ ಆಗಿದ್ದರೆ ಇದು ಎಂಜಿನಿಯರಿಂಗ್ ಕುತೂಹಲದ ಕತೆ, ಒಂದೆರಡು ಫಲಕಗಳಲ್ಲಿ ಮುಗಿಯುತ್ತಿತ್ತು. ಆದರೆ 1910ರ ಫೆಬ್ರವರಿಯ ಕೊನೆಯಲ್ಲಿ ಸುರಂಗ ದಾಟಿ ಬಂದ 25ನೇ ಸಂಖ್ಯೆಯ ಪ್ರಯಾಣಿಕ ರೈಲು ಮತ್ತು 27ನೇ ಸಂಖ್ಯೆಯ ಅಂಚೆ ರೈಲು ವೆಲ್ಲಿಂಗ್ಟನ್‌ನಲ್ಲಿ ಹಿಮದ ನಡುವೆ ಸಿಕ್ಕಿಬಿದ್ದವು. ದಿನಗಟ್ಟಲೆ ಬಿರುಗಾಳಿ ನಿಲ್ಲಲಿಲ್ಲ. ಹಿಮ ಬಾಚುವ ಎಂಜಿನ್‌ಗಳು ಒಂದೊಂದಾಗಿ ನಿಂತವು, ಕಲ್ಲಿದ್ದಲು ಕರಗತೊಡಗಿತು. ಸಲಿಕೆ ಹಿಡಿದು ಹಿಮ ತೆಗೆಯುತ್ತಿದ್ದ ಕೂಲಿಗಳು ಹೆಚ್ಚು ಕೂಲಿ ಕೇಳಿ, ಕಂಪನಿ ಒಪ್ಪದಿದ್ದಾಗ ಕೆಲಸ ಬಿಟ್ಟು ಹೊರಟರು. ರೈಲನ್ನು ಸುರಂಗದೊಳಕ್ಕೆ ಹಿಂದೆ ಸರಿಸಿ ಎಂದು ಪ್ರಯಾಣಿಕರು ಕೇಳಿಕೊಂಡರು. ಹೊಗೆ, ಚಳಿ, ಇಂಧನದ ಕೊರತೆಗಳ ಕಾರಣಕ್ಕೆ ಅದು ಆಗಲಿಲ್ಲ. ಕೆಲವರು ಜೀವ ಕೈಯಲ್ಲಿ ಹಿಡಿದು ಸೀನಿಕ್‌ಗೆ ನಡೆದುಹೋದರು. ಮಾರ್ಚ್ 1ರ ನಡುರಾತ್ರಿ ಕಳೆದ ಮೇಲೆ, ಮಳೆ ಗುಡುಗುಗಳ ನಡುವೆ, ಮೇಲಿನ ಇಳಿಜಾರಿನ ಹಿಮ ಕಳಚಿಕೊಂಡು ಎರಡೂ ರೈಲುಗಳನ್ನು ಟೈ ನದಿಯ ಕಣಿವೆಗೆ ಎತ್ತಿ ಒಗೆಯಿತು. ಸತ್ತವರು 96 ಮಂದಿ. ಅಮೆರಿಕದ ಇತಿಹಾಸದಲ್ಲಿ ಅತಿ ಹೆಚ್ಚು ಜೀವ ತೆಗೆದ ಹಿಮಕುಸಿತ ಇದು. ಕೊನೆಯ ಶವಗಳು ಸಿಕ್ಕಿದ್ದು ಹಿಮ ಕರಗಿದ ಬೇಸಿಗೆಯಲ್ಲಿ. ಮುಂದೆ ಊರಿನ ಹೆಸರನ್ನೇ ಟೈ ಎಂದು ಬದಲಾಯಿಸಿದರು. ಹಳಿಯ ಮೇಲೆ ದೊಡ್ಡ ಕಾಂಕ್ರೀಟ್ ಛಾವಣಿಯನ್ನು ಕಟ್ಟಿದರು.

ಈ ಘಟನೆಯ ಕಾರಣಗಳಲ್ಲಿ ಒಂದು ಇಂದು ಅಲ್ಲಿಗೆ ಹೋದವರ ಕಣ್ಣಿಗೆ ಬೀಳುವುದು ಸಾಧ್ಯವೇ ಇಲ್ಲ. 1910ರಲ್ಲಿ ವೆಲ್ಲಿಂಗ್ಟನ್ ಮೇಲಿನ ಇಳಿಜಾರು ಬೋಳಾಗಿತ್ತು. ಮರ ಕಡಿದದ್ದು, ಕಾಡಿಗೆ ಬೆಂಕಿ ಬಿದ್ದದ್ದು ಸೇರಿ ಹಿಮವನ್ನು ಹಿಡಿದು ನಿಲ್ಲಿಸುವ ಮರಗಳು ಉಳಿದಿರಲಿಲ್ಲ. ಉಗಿಬಂಡಿಗಳ ಕಿಡಿಯಿಂದ ಕಾಡು ಹತ್ತಿಕೊಳ್ಳುವುದು ಆ ಕಾಲದ ರೈಲುಮಾರ್ಗಗಳಲ್ಲಿ ದಿನನಿತ್ಯದ ಸಂಗತಿ. ರೈಲು ನಿಂತ ನಂತರದ ಸುಮಾರು ನೂರು ವರ್ಷಗಳಲ್ಲಿ ಮರಗಳು ಮತ್ತೆ ಎದ್ದಿವೆ. ಜರೀಗಿಡ, ಪಾಚಿ, ತೊಟ್ಟಿಕ್ಕುವ ನೀರು, ತಂಪು ನೆರಳು. ಈಗ ನಡೆಯುವವರಿಗೆ ಕಾಣುವುದು ಯಾವತ್ತೂ ಹೀಗೇ ಇದ್ದಂತೆ ತೋರುವ ಕಾಡು. ಆ ಕಾಡಿನ ನಡುವೆ ನಿಂತು 'ಇಲ್ಲಿ ಹಿಮಕುಸಿತದಲ್ಲಿ 96 ಮಂದಿ ಸತ್ತರು' ಎಂಬ ಒಂದು ಸಾಲನ್ನು ಓದಿದವರು ಅದನ್ನು ಪ್ರಕೃತಿಯ ಮುನಿಸು ಎಂದೇ ತಿಳಿದು ಮುಂದೆ ಹೋಗುತ್ತಾರೆ. ಕಣ್ಣೆದುರಿನ ಸಾಕ್ಷ್ಯವೇ ಅವರನ್ನು ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ. ಆಗಿನ ಬೋಳು ಗುಡ್ಡದ ಛಾಯಾಚಿತ್ರವನ್ನು, ಅದೇ ಗುಡ್ಡ ಎದುರಿಗೆ ಹಸಿರಾಗಿ ಕಾಣುವ ಕಡೆ ನಿಲ್ಲಿಸಿ ತೋರಿಸಿದಾಗ ಮಾತ್ರ ನೋಡುವವರ ಮನಸ್ಸಿನಲ್ಲಿ ಕಾರಣದ ಪ್ರಶ್ನೆ ಏಳುತ್ತದೆ. ಮಾಹಿತಿತಾಣ ಮಾಡಬೇಕಾದ ಕೆಲಸದ ತಿರುಳು ಇದೇ. ಎದುರಿಗೆ ಕಾಣುವುದನ್ನು ಮತ್ತೆ ವರ್ಣಿಸಿ ಪ್ರಯೋಜನವಿಲ್ಲ. ಕಾಲ ಅಳಿಸಿಹಾಕಿದ್ದನ್ನು ಅದು ಕಾಣಿಸಬೇಕು.

ಹಾಗಾದರೆ ಆ ಚಿತ್ರವನ್ನು ವೆಲ್ಲಿಂಗ್ಟನ್‌ನಲ್ಲೇ ಇಟ್ಟರಾಯಿತಲ್ಲ, ಹೆದ್ದಾರಿಯ ಪಕ್ಕ ಯಾಕೆ ಎಂದು ಕೇಳಬಹುದು. ಅಲ್ಲೂ ಇರಲಿ. ಆದರೆ ಅಲ್ಲಿಗೆ ಎಲ್ಲರೂ ತಲುಪುವುದಿಲ್ಲ. ವೆಲ್ಲಿಂಗ್ಟನ್ ತುದಿಗೂ ಮಾರ್ಟಿನ್ ಕ್ರೀಕ್ ತುದಿಗೂ ಹೋಗಲು ಹೆದ್ದಾರಿ ಬಿಟ್ಟು ಹಳೆಯ ಘಟ್ಟದ ರಸ್ತೆಗೆ ಇಳಿಯಬೇಕು, ವರ್ಷದ ಬಹುಭಾಗ ಆ ರಸ್ತೆಗಳು ಹಿಮದಲ್ಲಿ ಹೂತಿರುತ್ತವೆ. ಹೆದ್ದಾರಿಯಲ್ಲಾದರೋ ಜನ ನಿರಂತರ ಹರಿಯುತ್ತಾರೆ: ಸ್ಟೀವನ್ಸ್ ಪಾಸ್‌ನ ಸ್ಕೀಯಿಂಗ್‌ಗೆ ಹೊರಟವರು, ಲೆವನ್‌ವರ್ತ್ ಊರಿಗೆ ಹೊರಟ ಕುಟುಂಬಗಳು, ಲಾರಿ ಚಾಲಕರು. ರೆಡ್ಮಂಡ್, ಬೆಲ್‌ವ್ಯೂಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದ ಮನೆಗಳವರೂ ವಾರಾಂತ್ಯದಲ್ಲಿ ಇದೇ ದಾರಿ ಹಿಡಿಯುತ್ತಾರೆ. ಇವರಲ್ಲಿ ಹೆಚ್ಚಿನವರು ನಿಲ್ಲುವುದು ಕಾಲು ಗಂಟೆ. ಶೌಚಾಲಯಕ್ಕೆ, ಮಕ್ಕಳ ಕೈಕಾಲು ಆಡಿಸಲಿಕ್ಕೆ, ಬುತ್ತಿ ಬಿಚ್ಚಲಿಕ್ಕೆ. ಇಡೀ ಕತೆಯನ್ನು ಆ ಕಾಲು ಗಂಟೆಯೊಳಗೆ, ಕಾರಿನಿಂದ ನೂರು ಹೆಜ್ಜೆಯೊಳಗೆ, ಸೋಲದಂತೆ ಹೇಳಲು ಸಾಧ್ಯವೇ ಎಂಬುದೇ ವಿನ್ಯಾಸದ ನಿಜವಾದ ಪರೀಕ್ಷೆ. ನಡೆಯಲೆಂದೇ ಬಂದವರು ಹೇಗೂ ನಡೆಯುತ್ತಾರೆ, ಓದಿಕೊಂಡೂ ಬಂದಿರುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ತಾಣ ಈ ಹೆಚ್ಚಿನವರನ್ನು ಬರಿಗೈಯಲ್ಲಿ ಕಳಿಸುತ್ತದೆ.

ಈ ಜಾಗದಲ್ಲಿ ಕಾಲು ಗಂಟೆಗೆ ಸಿಗುವ ಸಾಮಗ್ರಿ ಅಸಾಧಾರಣವಾದದ್ದು. ವಾಹನ ನಿಲ್ಲಿಸಿದವರ ನೆತ್ತಿಯ ಮೇಲೆ, ಸುಮಾರು 700 ಅಡಿ ಎತ್ತರದಲ್ಲಿ, ವಿಂಡಿ ಪಾಯಿಂಟ್. ಕಾಲ್ನಡಿಗೆಯವರಿಗಾಗಿ ಮಾಡಿದ ಕಡಿದಾದ ಅಡ್ಡದಾರಿಯಲ್ಲಿ ಒಂದು ಮೈಲಿಯೊಳಗೆ ಅಲ್ಲಿಗೆ ಹತ್ತಬಹುದು. ಉಗಿಬಂಡಿಗೆ ಅದು ಆಗದ ಮಾತು. ಈ ಮಾರ್ಗದ ಏರು ನೂರಕ್ಕೆ 2.2 ಮೀರುವಂತಿರಲಿಲ್ಲ, ಆ ಲೆಕ್ಕದಲ್ಲಿ 700 ಅಡಿ ಏರಲು ಸುಮಾರು 6 ಮೈಲಿ ಹಳಿ ಬೇಕು. ಮಾರ್ಟಿನ್ ಕ್ರೀಕ್‌ವರೆಗೆ ಹೋಗಿ ತಿರುಗಿ ಬರುವ ಆ ದೀರ್ಘ ಬಳಸುದಾರಿಯ ಗುಟ್ಟು ಇಷ್ಟೇ. ಹಿಮ ಜಾರುವ ಇಳಿಜಾರನ್ನು ರೈಲು ಒಂದಲ್ಲ ಎರಡು ಸಲ ಹಾಯಬೇಕಾಗಿ ಬಂದದ್ದೂ ಇದರಿಂದಲೇ. ಇದೇ ಅಂಕಿ ಇವತ್ತು ಬೇರೆಯದೇ ರೀತಿಯಲ್ಲಿ ಫಲ ಕೊಟ್ಟಿದೆ. ಗಾಲಿಕುರ್ಚಿಯವರಿಗೆ ವಿಶ್ರಾಂತಿಯ ತಾಣಗಳಿಲ್ಲದೆಯೂ ದೂರ ಸಾಗಲು ಏರು ನೂರಕ್ಕೆ 5 ಮೀರಬಾರದು ಎಂಬುದು ಅಮೆರಿಕದ ಅರಣ್ಯ ಇಲಾಖೆಯ ಮಾರ್ಗಸೂಚಿ. ಉಗಿಬಂಡಿಯ ಮಿತಿ ಅದರ ಅರ್ಧಕ್ಕಿಂತಲೂ ಕಡಿಮೆ. ಬೆಟ್ಟ ಪ್ರದೇಶದಲ್ಲಿ ಅಂಥ ದಾರಿಯನ್ನು ಹೊಸದಾಗಿ ಕಡಿದು ಮಾಡಲು ಹೊರಟರೆ ಎಷ್ಟು ಮಣ್ಣು ಅಗೆಯಬೇಕಾದೀತು! ಇಲ್ಲಿ ಹೂಳು ತೆಗೆದು, ಚರಂಡಿ ಸರಿಪಡಿಸಿ, ನೆಲ ಗಟ್ಟಿಮಾಡಿದ್ದರಿಂದಲೇ ಸುಮಾರು 9 ಮೈಲಿ ಹಾದಿಯ ದೊಡ್ಡ ಭಾಗ ಗಾಲಿಕುರ್ಚಿಯವರಿಗೂ ತಳ್ಳುಗಾಡಿಯ ಮಕ್ಕಳಿಗೂ ದಕ್ಕಿದೆ. ಒಂದೇ ಅಂಕಿಯಿಂದ ಗತಕಾಲದ ದುರಂತವನ್ನೂ ಇಂದಿನ ಅನುಕೂಲವನ್ನೂ ವಿವರಿಸಬಹುದಾದ ಇಂಥ ಸಂದರ್ಭ ಫಲಕ ಬರೆಯುವವರಿಗೆ ಅಪರೂಪಕ್ಕೆ ಒದಗುತ್ತದೆ.

ಆಕ್ಷೇಪಗಳಲ್ಲಿ ಹಳೆಯದೂ ಗೌರವಾರ್ಹವೂ ಆದದ್ದು, ಕಾಡಿನ ನಡುವೆ ಫಲಕ ನೆಡುವುದೇ ಒಂದು ಅತಿಕ್ರಮಣ ಎಂಬುದು. ನೆಲ ತಾನಾಗಿ ಮಾತಾಡಲಿ, ಬಂದವರು ತಾವೇ ಕಂಡುಕೊಳ್ಳಲಿ ಎನ್ನುತ್ತಾರೆ ಇವರು. ಸಾಲುಸಾಲು ಫಲಕಗಳ ನಡುವೆ ನಡೆದು ಸುಸ್ತಾದವರಿಗೆ ಈ ಮಾತಿನ ಸತ್ಯ ಗೊತ್ತು. ಸ್ಮಾರಕಗಳ ವಿವರಣೆಯ ಬಗ್ಗೆ 1957ರಲ್ಲೇ ಪುಸ್ತಕ ಬರೆದ ಫ್ರೀಮನ್ ಟಿಲ್ಡನ್ ಒತ್ತಿ ಹೇಳಿದ್ದೂ ಇದನ್ನೇ: ಮಾಹಿತಿ ಸುರಿಯುವುದು ವಿವರಣೆಯಲ್ಲ, ಕುತೂಹಲ ಕೆರಳಿಸುವುದು ವಿವರಣೆ. ಆದರೆ ಈ ಆಕ್ಷೇಪಕ್ಕೆ ರಸ್ತೆಬದಿಯ ತಾಣವೇ ಉತ್ತರ. ಹೇಳಬೇಕಾದದ್ದನ್ನು ಬಾಗಿಲಲ್ಲಿ ಹೇಳಿಬಿಟ್ಟರೆ ಒಳಗಿನ ದಾರಿಯನ್ನು ಅದರ ಪಾಡಿಗೆ ಬಿಡಬಹುದು. ಐರನ್ ಗೋಟ್ ಹಾದಿಯಲ್ಲಿ ಅಲ್ಲಲ್ಲಿ ಎದುರಾಗುವ ಬಿಳಿಯ ಮೈಲಿಗಂಬಗಳ ಮೇಲಿರುವುದು ಮಿನ್ನೆಸೋಟಾದ ಸೇಂಟ್ ಪಾಲ್‌ನಿಂದ ಲೆಕ್ಕ ಹಾಕಿದ ದೂರ, ಬರೀ ಒಂದು ಸಂಖ್ಯೆ. ಕಂಪನಿಯ ಹಳಿ ಆ ಊರಿನಿಂದ ಹೊರಟು ಬಂದದ್ದೆಂದು ಬಾಗಿಲಲ್ಲಿ ತಿಳಿದುಕೊಂಡವರಿಗೆ ಆ ಸಂಖ್ಯೆ ಸಾಕು, ಬೇರೆ ವಿವರಣೆ ಬೇಡ. ತಿಳಿಯದವರಿಗೆ ಅದೊಂದು ಒಗಟು, ಅಷ್ಟೆ.

ಎರಡನೆಯ ಆಕ್ಷೇಪ ಹಣದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಈ ಹಾದಿಯನ್ನು ಕಂಡವರು, ಕಡಿದವರು ಬಹುಪಾಲು ಸ್ವಯಂಸೇವಕರು. ವಾಲಂಟಿಯರ್ಸ್ ಫಾರ್ ಔಟ್‌ಡೋರ್ ವಾಷಿಂಗ್ಟನ್ ಎಂಬ ಸಂಘಟನೆ, ರೂತ್ ಇಟ್ನರ್ ಎಂಬ ಛಲಗಾರ್ತಿಯ ಮುಂದಾಳುತನದಲ್ಲಿ, ಅರಣ್ಯ ಇಲಾಖೆಯೊಂದಿಗೆ ಕೂಡಿ ದುಡಿದು, ರೈಲುಮಾರ್ಗಕ್ಕೆ ನೂರು ತುಂಬಿದ 1993ರಲ್ಲಿ ಮೊದಲ ಭಾಗವನ್ನು ತೆರೆಯಿತು. ಸಲಿಕೆ ಹಿಡಿದು ಪೊದೆ ಸವರುವ ಕೆಲಸಕ್ಕೆ ಸ್ವಯಂಸೇವಕರು ಸಿಗುತ್ತಾರೆ. ಹೆದ್ದಾರಿಯಿಂದ ವಾಹನ ಸುರಕ್ಷಿತವಾಗಿ ತಿರುಗಲು ಬೇಕಾದ ಜಾಗ, ನೀರು ಹರಿದುಹೋಗುವ ವ್ಯವಸ್ಥೆ, ಹಿಮದ ಭಾರ ತಡೆಯುವ ಕಟ್ಟಡ, ಇವು ಗುತ್ತಿಗೆದಾರರ ಕೆಲಸ, ಸರ್ಕಾರಿ ಹಣದ ಕೆಲಸ. ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಬೀಳುವ ಹಿಮದ ಸರಾಸರಿ 10 ಮೀಟರಿಗೂ ಹೆಚ್ಚು, ಆದ್ದರಿಂದ ಕಟ್ಟಿದ್ದು ಕಟ್ಟಿದಂತೆ ಉಳಿಯುವುದೂ ಇಲ್ಲ. ಆ ಹಣದಲ್ಲಿ ಇನ್ನೆರಡು ಮೈಲಿ ದಾರಿ ಮಾಡಬಹುದಿತ್ತು ಎಂಬ ಮಾತು ಲೆಕ್ಕಕ್ಕೆ ಸರಿಯಿರಬಹುದು. ಆದರೆ ಸಾರ್ವಜನಿಕ ದಾರಿ ಬದುಕುವುದು ಅದು ತಮ್ಮದು ಎಂದು ತಿಳಿದವರು ಇದ್ದಾಗ. ನಡೆಯದೆ ಹೋದವರೂ ಅದನ್ನು ಕಂಡಿರಬೇಕು, ಅದರ ಕತೆ ಅವರಿಗೆ ಗೊತ್ತಿರಬೇಕು. ಹಾದಿಯ ಉದ್ದ ಹೆಚ್ಚಿದರೆ ಈಗಾಗಲೇ ನಡೆಯುತ್ತಿರುವವರಿಗೆ ಲಾಭ. ಬಾಗಿಲು ಅಗಲವಾದರೆ ಮುಂದಿನ ಪೊದೆ ಸವರಲು ಬರುವ ಹೊಸಬರು ಸಿಗುತ್ತಾರೆ.

ಮೂರನೆಯದು ನೈತಿಕ ಪ್ರಶ್ನೆ. 96 ಮಂದಿ ಸತ್ತ ಜಾಗವನ್ನು ಹೆದ್ದಾರಿ ಪಕ್ಕದ ವಿಹಾರತಾಣ ಮಾಡುವುದು ಸರಿಯೇ? ಬುತ್ತಿ ಬಿಚ್ಚುವ ಮೇಜಿನ ಹತ್ತಿರ ಶವಗಳ ಲೆಕ್ಕವೇ? ಈ ಅಳುಕು ಮನುಷ್ಯ ಸಹಜ. ಸಾವು ಸಂಭವಿಸಿದ ವೆಲ್ಲಿಂಗ್ಟನ್ ಈ ತಾಣದಿಂದ ಮೈಲಿಗಳಾಚೆ ಇರುವುದು ಒಂದು ಸಮಾಧಾನ. ಅದಕ್ಕಿಂತ ದೊಡ್ಡ ಉತ್ತರ ನ್ಯಾಯಾಲಯದ ಕಡತಗಳಲ್ಲಿದೆ. ಕಂಪನಿಯ ವಿರುದ್ಧ ಹೂಡಿದ ದಾವೆಯಲ್ಲಿ ಜ್ಯೂರಿ ಸತ್ತವರ ಕಡೆಗೆ ತೀರ್ಪು ಕೊಟ್ಟಿತು. 1914ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಮನುಷ್ಯ ಪ್ರಯತ್ನಕ್ಕೆ ಮೀರಿದ ದೈವಘಟನೆಯೆಂದು ಕಂಪನಿಯನ್ನು ಬಿಟ್ಟಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು, ಇತಿಹಾಸದ್ದು ಮುಗಿಯಬೇಕಾಗಿಲ್ಲ. ಬೋಳು ಗುಡ್ಡ, ಕೂಲಿ ಹೆಚ್ಚಿಸಲು ಒಪ್ಪದ ಕಂಪನಿ, ಖಾಲಿಯಾಗುತ್ತಿದ್ದ ಕಲ್ಲಿದ್ದಲು, ಸುರಂಗದೊಳಗೂ ಹೊರಗೂ ಅಪಾಯವಿದ್ದಾಗ ಮೇಲಧಿಕಾರಿ ಮಾಡಬೇಕಾದ ಆಯ್ಕೆ, ಇವನ್ನೆಲ್ಲ ಒಂದೆಡೆ ಇಟ್ಟು ಓದುವವರ ಮುಂದೆ ತೆರೆದಿಡುವುದು ಸತ್ತವರಿಗೆ ಮಾಡುವ ಅಪಚಾರವಲ್ಲ. ಬರೀ ಸಂಖ್ಯೆಯನ್ನು ಬರೆದು ಕಾರಣವನ್ನು ಬಿಟ್ಟಾಗಲೇ ಅಪಚಾರವಾಗುವುದು. ಹಾಗೆಂದು ಫಲಕ ಕಂಪನಿಯನ್ನು ಕಟಕಟೆಯಲ್ಲಿ ನಿಲ್ಲಿಸಬೇಕೆಂದೂ ಅಲ್ಲ. ಆ ರಾತ್ರಿ ಅಲ್ಲಿದ್ದ ಅಧಿಕಾರಿಗಳು ದಿನಗಟ್ಟಲೆ ಹಿಮದೊಡನೆ ಸೆಣಸಿದವರು, ಸತ್ತವರಲ್ಲಿ ಹೆಚ್ಚಿನವರು ರೈಲ್ವೆಯ ಕೆಲಸಗಾರರೇ. ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಸುರಕ್ಷತೆಯ ಮಾತು ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಹಳೆಯ ಸುರಂಗಗಳ ಒಳಗೆ ಕಲ್ಲು ಕುಸಿಯುತ್ತದೆ, ನೀರು ನಿಂತಿರುತ್ತದೆ, ಹೋಗಬಾರದೆಂಬ ಎಚ್ಚರಿಕೆಯಿದೆ. ಜನರನ್ನು ಕರೆದು ತರುವ ತಾಣ ಅಪಾಯವನ್ನೂ ಕರೆದು ತರುತ್ತದೆಂದು ಕೆಲವರ ಆತಂಕ. 'ಪ್ರವೇಶವಿಲ್ಲ' ಎಂದಷ್ಟೇ ಬರೆದ ಕಡೆ ಆ ಆತಂಕ ನಿಜವಾಗುತ್ತದೆ, ಬಾಯಿ ತೆರೆದ ಕತ್ತಲು ಹುಡುಗರನ್ನು ಕರೆದೇ ಕರೆಯುತ್ತದೆ. ಸುರಂಗದ ಒಳಗೋಡೆ ಹೇಗೆ ಕಟ್ಟಿದ್ದು, ಯಾಕೆ ಸಡಿಲವಾಗುತ್ತಿದೆ ಎಂದು ಬಾಗಿಲಲ್ಲೇ ಚಿತ್ರ ಸಮೇತ ತಿಳಿದವರು ಕಂಬಿಯಾಚೆ ನಿಂತೇ ತೃಪ್ತರಾಗುವ ಸಂಭವ ಹೆಚ್ಚು.

ನಮ್ಮ ಕಡೆಯ ಒಂದು ಅನುಭವ ಇಲ್ಲಿ ನೇರವಾಗಿ ಪ್ರಸ್ತುತ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟದ ರೈಲುಮಾರ್ಗದಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1, ಅಂದರೆ ಹೆಚ್ಚುಕಡಿಮೆ ಕ್ಯಾಸ್ಕೇಡ್‌ನಷ್ಟೇ. 1996ರಲ್ಲಿ ಗೇಜ್ ಪರಿವರ್ತನೆಗೆಂದು ಮೀಟರ್‌ಗೇಜ್ ಓಡಾಟ ನಿಂತಾಗ ಚಾರಣಿಗರು ಆ ಹಳಿಯ ಮೇಲೆ ನಡೆದು ಅದಕ್ಕೆ ಹೆಸರು ತಂದರು. 2006ರಿಂದ ಸರಕು, 2007ರ ಕೊನೆಯಿಂದ ಪ್ರಯಾಣಿಕ ರೈಲು ಮತ್ತೆ ಓಡಿದರೂ ನಡೆಯುವವರ ಆಸೆ ತಗ್ಗಲಿಲ್ಲ. ಓಡುವ ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯಿದೆಯ 147ನೇ ಕಲಮಿನ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ತಡೆಯುವ ಫಲಕ, ದಂಡ, ಮತ್ತೆ ತಡೆಯುವ ಫಲಕ, ಇಷ್ಟರಲ್ಲೇ ನಮ್ಮ ಪ್ರತಿಕ್ರಿಯೆ ನಿಂತಿದೆ. ಶಿರಾಡಿ ಘಾಟಿಯ ಹೆದ್ದಾರಿ ಅದೇ ಕಣಿವೆಯಲ್ಲಿ ಸಾಗುತ್ತದೆ. ಅಲ್ಲೊಂದು ಸುರಕ್ಷಿತ ನಿಲುಗಡೆ, ಮಾರ್ಗ ಹೇಗೆ ಏರುತ್ತದೆ, 2024ರ ಜುಲೈನಲ್ಲಿ ಎಡಕುಮರಿ ಬಳಿ ಹಳಿಯ ಕೆಳಗಿನ ಮಣ್ಣು ಯಾಕೆ ಜಾರಿತು, ಮಳೆಗಾಲದಲ್ಲಿ ಗ್ಯಾಂಗ್‌ಮನ್‌ಗಳು ಏನನ್ನು ಕಾಯುತ್ತಾರೆ ಎಂದು ಹೇಳುವ ನಾಲ್ಕು ಫಲಕಗಳು ಇದ್ದಿದ್ದರೆ, ಹಳಿ ತುಳಿಯುವ ಆಸೆಗೆ ಕಾನೂನುಬದ್ಧವಾದ ಒಂದು ದಾರಿ ಸಿಗುತ್ತಿತ್ತು.

ಉಳಿದಿರುವುದು ಐರನ್ ಗೋಟ್ ತಾಣದ ಅತಿ ಜನಪ್ರಿಯ ವಸ್ತುವಿನ ಮಾತು: ಕೆಂಪು ಬಣ್ಣದ ಹಳೆಯ ಗಾರ್ಡ್ ಬೋಗಿ. ಹೆದ್ದಾರಿಯಲ್ಲಿ ಹೋಗುವವರ ಕಣ್ಣು ಸೆಳೆಯುವುದು ಅದೇ, ಮಕ್ಕಳು ಮೊದಲು ಓಡುವುದು ಅದರ ಕಡೆಗೇ. ಇತಿಹಾಸದ ಕಟ್ಟುನಿಟ್ಟಿನ ಪಾಲಕರು ಇದನ್ನು ಆಟಿಕೆ ಎಂದು ಮೂಗು ಮುರಿಯುತ್ತಾರೆ, ಗ್ರೇಟ್ ನಾರ್ದರ್ನ್‌ನ ಚರಿತ್ರೆ ಒಂದು ಚಂದದ ಬೋಗಿಗೆ ಇಳಿದುಬಿಟ್ಟಿತು ಎನ್ನುತ್ತಾರೆ. ಬೋಗಿಯನ್ನು ತೆಗೆಯಬೇಕಾಗಿಲ್ಲ, ಅದರಿಂದ ಹೆಚ್ಚು ಕೆಲಸ ತೆಗೆಸಬೇಕು. ಗಾರ್ಡ್ ಬೋಗಿಯೆಂದರೆ ಕೆಲಸಗಾರರ ಜಾಗ: ಒಲೆ, ಮಲಗುವ ಹಲಗೆ, ಹಿಂದಿನ ಹಳಿಯನ್ನು ನೋಡುತ್ತ ಕೂರುವ ಎತ್ತರದ ಆಸನ. ಮಾಲೀಕ ಹಿಲ್ ಮತ್ತು ಎಂಜಿನಿಯರ್ ಸ್ಟೀವನ್ಸ್ ಹೆಸರುಗಳು ಪಟ್ಟಣ, ಘಟ್ಟ, ಹೆದ್ದಾರಿಗಳ ಮೇಲೆ ಈಗಾಗಲೇ ಇವೆ. ಬೋಗಿಯ ಮೆಟ್ಟಿಲ ಪಕ್ಕದ ಫಲಕ ಬ್ರೇಕ್ ತಿರುಗಿಸುತ್ತಿದ್ದವರದು, ಕಲ್ಲಿದ್ದಲು ಎಸೆಯುತ್ತಿದ್ದವರದು, ಕೂಲಿ ಸಾಲದೆಂದು ಸಲಿಕೆ ಬಿಟ್ಟು ಹಿಮದಲ್ಲಿ ನಡೆದು ಹೋದವರದು ಆಗಬೇಕು. ಅದನ್ನು ಮಗುವಿನ ಕಣ್ಣಿನ ಎತ್ತರಕ್ಕೆ, ಗಾಲಿಕುರ್ಚಿಯಲ್ಲಿ ಕೂತವರಿಗೂ ಓದಲು ಬರುವಂತೆ ಓರೆಯಾಗಿ ನಿಲ್ಲಿಸಬೇಕು. ಚಳಿಗಾಲದಲ್ಲಿ ಹಿಮ ಅದನ್ನು ಮುರಿಯುವುದು ಖಂಡಿತವಾದ್ದರಿಂದ, ಬಿಚ್ಚಿ ಒಳಗಿಟ್ಟು ವಸಂತದಲ್ಲಿ ಮತ್ತೆ ಜೋಡಿಸುವಂತೆ ನಾಲ್ಕು ಬೋಲ್ಟುಗಳ ಮೇಲೆ ಕೂರಿಸಬೇಕು.